ಹೆಸರಿನ ವ್ಯಾಪಾರ

ಗದಗಿನ ಮಾರುಕಟ್ಟೆಯಲ್ಲಿ ನಿಂತು ಹೆಸರಿನ ವ್ಯಾಪಾರವೆಂದರೆ ಅದನ್ನು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಮುಂಗಾರಿಗೆ ಬಿತ್ತಿ, ಶ್ರಾವಣ ಭಾದ್ರಪದಗಳ ಹೊತ್ತಿಗೆ ಬಿಡಿಸಿ, ಒಣಗಿಸಿ, ಚೀಲ ತುಂಬಿ ಅಡತಿ ಅಂಗಡಿಗೆ ತರುವ ಕಾಳು ಅದು. ಕೊಯ್ಲಿನಲ್ಲಿ ಮಳೆ ಹಿಡಿದರೆ ಕಾಳು ಕೆಟ್ಟು ದರ ಬಿತ್ತು. ಮೊದಲೇ ಮಳೆ ಹೋದರೆ ಕಾಯಿ ಜೊಳ್ಳಾಯಿತು. ಹೊಂಬಳದಂಥ ಊರಿನಲ್ಲಿ ಇರುವವರಿಗೆ ಈ ಚಿಂತೆ ವರ್ಷವರ್ಷದ್ದು. ಆದರೆ ನಮ್ಮ ಭಾಷೆಯಲ್ಲಿ ಹೆಸರು ಎಂಬ ಶಬ್ದಕ್ಕೆ ಇನ್ನೊಂದು ಅರ್ಥವೂ ಉಂಟಷ್ಟೆ. ಆ ಎರಡನೆಯ ಹೆಸರನ್ನು, ಎಂದರೆ ಕರೆಯುವ ಹೆಸರನ್ನು, ಕೊಂಡು ಇಟ್ಟು ಮಾರುವ ವ್ಯಾಪಾರವೊಂದು ಸುಮಾರು ಮೂವತ್ತು ವರ್ಷಗಳಿಂದ ಜಗತ್ತಿನಲ್ಲಿ ನಡೆದಿದೆ. ಅದರ ಸುದ್ದಿ ನಮ್ಮ ಊರುಗಳ ತರುಣರ ಕಿವಿಗೂ ಬಿದ್ದಿದೆ. ಸಣ್ಣ ಹಣದಿಂದ ಇದಕ್ಕೆ ಕೈಹಾಕಬಹುದೇ, ಹಾಕುವದಾದರೆ ಹೇಗೆ, ಎಂಬ ವಿಷಯವಾಗಿ ನಾಲ್ಕು ಮಾತು ಹೇಳುವದು ಈ ಭಾಷಣದ ಉದ್ದೇಶ. ಕನ್ನಡ ಪಂಡಿತನಿಗೆ ಇದರಲ್ಲೇನು ಕೆಲಸವೆಂದು ನೀವು ಕೇಳಬಹುದು. ಸರಕೇ ಶಬ್ದವಾಗಿರುವಾಗ ಪಂಡಿತನಿಗಲ್ಲದೆ ಮತ್ತಾರಿಗೆ ಕೆಲಸ?

ಅಂತರ್ಜಾಲದಲ್ಲಿ ಒಂದೊಂದು ಜಾಲತಾಣಕ್ಕೂ ಒಂದು ವಿಳಾಸವಿರುತ್ತದೆ. ಯಂತ್ರಕ್ಕೆ ಬೇಕಾದದ್ದು ಅಂಕಿಗಳ ವಿಳಾಸ. ಮನುಷ್ಯನ ನೆನಪಿಗೆ ಒಗ್ಗುವದು ಹೆಸರು. ಆ ಹೆಸರಿಗೇ ಡೊಮೇನ್ ಎನ್ನುತ್ತಾರೆ. ಮೊದಮೊದಲು ಜಾಲದಲ್ಲಿದ್ದ ಯಂತ್ರಗಳು ಕೆಲವೇ ನೂರು ಇದ್ದಾಗ ಅಮೇರಿಕದ ಸ್ಟ್ಯಾನ್‌ಫರ್ಡ್ ಸಂಶೋಧನ ಸಂಸ್ಥೆಯಲ್ಲಿ ಎಲ್ಲ ಹೆಸರುಗಳ ಒಂದೇ ಪಟ್ಟಿಯನ್ನು, ಶಾಲೆಯ ಹಾಜರಿ ಪುಸ್ತಕದಂತೆ, ಇಟ್ಟಿದ್ದರು. ಹುಡುಗರು ಹೆಚ್ಚಾದಂತೆ ಒಂದೇ ಪುಸ್ತಕ ಸಾಲದಾಯಿತು. 1983ರಲ್ಲಿ ಪಾಲ್ ಮೊಕಪೆಟ್ರಿಸ್ ಎಂಬ ವಿದ್ವಾಂಸರು ಮನೆ, ಓಣಿ, ಊರು ಎಂಬಂತೆ ಹೆಸರುಗಳನ್ನು ಮೆಟ್ಟಿಲು ಮೆಟ್ಟಿಲಾಗಿ ಹಂಚಿಡುವ ಏರ್ಪಾಡನ್ನು ರೂಪಿಸಿದರು. ಡಾಟ್ ಕಾಮ್ ಎಂದು ಕೊನೆಗೊಳ್ಳುವ ಮೊದಲ ಹೆಸರು 1985ರ ಮಾರ್ಚ್ 15ರಂದು ದಾಖಲಾಯಿತು. 1995ರ ವರೆಗೆ ಹೆಸರು ಪುಕ್ಕಟೆ. ಆ ವರ್ಷ ಎರಡು ವರ್ಷಗಳಿಗೆ ನೂರು ಡಾಲರ್ ಎಂದು ಶುಲ್ಕ ಬಂದಿತು. ನಮ್ಮ ದೇಶದ ಡಾಟ್ ಇನ್ ಹೆಸರುಗಳು 2005ರಲ್ಲಿ ಸರ್ವರಿಗೂ ತೆರೆದವು. ಅವುಗಳ ಆಡಳಿತ ನಿಕ್ಸಿ ಎಂಬ ಸಂಸ್ಥೆಯದು.

ತರುಣರ ಕಿವಿಗೆ ಬೀಳುವದು ದೊಡ್ಡ ದೊಡ್ಡ ಮೊತ್ತಗಳ ಸುದ್ದಿ. ಇಂಗ್ಲಿಷಿನ 'ವಾಯ್ಸ್' ಎಂಬ ಒಂದೇ ಶಬ್ದದ ಡಾಟ್ ಕಾಮ್ ಹೆಸರು 2019ರಲ್ಲಿ ಮೂರು ಕೋಟಿ ಡಾಲರಿಗೆ ಮಾರಾಟವಾಯಿತು. ಕೆರಿಬಿಯನ್ ಸಮುದ್ರದ ಅಂಗ್ವಿಲಾ ಎಂಬ ಪುಟ್ಟ ದ್ವೀಪದ ಕಥೆ ಇನ್ನೂ ಸ್ವಾರಸ್ಯದ್ದು. ನಮ್ಮ ದೇಶಕ್ಕೆ ಐ-ಎನ್ ಎಂಬ ಎರಡಕ್ಷರ ಬಂದಂತೆ ಆ ದ್ವೀಪಕ್ಕೆ ಎ-ಐ ಎಂಬ ಎರಡಕ್ಷರ ಪಾಲಿಗೆ ಬಂದಿತ್ತು. ಕೃತ್ರಿಮ ಬುದ್ಧಿಮತ್ತೆಯ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳೂ ಅವೇ ಆದ್ದರಿಂದ ಲೋಕದ ಕಂಪನಿಗಳೆಲ್ಲ ಆ ಬಾಗಿಲಿಗೆ ಬಂದು ನಿಂತವು. ಹದಿನಾರು ಸಾವಿರದಷ್ಟು ಜನರಿರುವ ಆ ದ್ವೀಪಕ್ಕೆ 2023ರಲ್ಲಿ ಈ ಒಂದು ಬಾಬಿನಿಂದಲೇ ಸುಮಾರು 3.2 ಕೋಟಿ ಡಾಲರ್ ಬಂದಿತು. ಅಕ್ಷರ ಅನ್ನ ಹಾಕೀತೇ ಎಂದು ನನ್ನನ್ನು ಕೇಳಿದ ತಾಯಿತಂದೆಗಳು ಬಹಳ. ಅವರಿಗೆ ಹೇಳುವದಕ್ಕೆ ಇದೊಂದು ಒಳ್ಳೆಯ ದೃಷ್ಟಾಂತ. ಆದರೆ ದ್ವೀಪದ ಅದೃಷ್ಟ ದ್ವೀಪದ್ದು, ನಮ್ಮದಲ್ಲ.

ಹೆಸರನ್ನು 'ಕೊಂಡೆವು' ಎಂದು ಜನ ಆಡಿಕೊಳ್ಳುವದು ರೂಢಿ. ನಿಜವಾಗಿ ಯಾರೂ ಅದನ್ನು ಕೊಳ್ಳುವದಿಲ್ಲ. ಅದು ಲಾವಣಿಗೆ ಹಿಡಿದ ಹೊಲ. (ಹಾಡುವ ಲಾವಣಿಯಲ್ಲ, ರೈತರು ಬಲ್ಲ ಲಾವಣಿ.) ವರ್ಷಕ್ಕಿಷ್ಟು ಎಂದು ಕಟ್ಟಬೇಕು, ಕಟ್ಟುವವರೆಗೆ ನಿಮ್ಮದು, ತಪ್ಪಿದರೆ ಇನ್ನೊಬ್ಬರದು. ಮುಂಗಡವಾಗಿ ಹತ್ತು ವರ್ಷಗಳ ವರೆಗೆ ಕಟ್ಟಿಡಬಹುದು, ಅದಕ್ಕಿಂತ ಹೆಚ್ಚಿಲ್ಲ. ಬಂಗಾರವನ್ನು ಪೆಟ್ಟಿಗೆಯಲ್ಲಿಟ್ಟರೆ ಅದು ಊಟ ಕೇಳುವದಿಲ್ಲ. ಹೆಸರು ಕೇಳುತ್ತದೆ, ಕಟ್ಟಿದ ಎತ್ತಿನಂತೆ, ದುಡಿಯಲಿ ಬಿಡಲಿ, ಹೊಟ್ಟುಮೇವು ಹಾಕಲೇಬೇಕು.

ನನ್ನ ಹಳೆಯ ವಿದ್ಯಾರ್ಥಿಯೊಬ್ಬ, ಈಗ ಹುಬ್ಬಳ್ಳಿಯ ಒಂದು ಅಂಗಡಿಯಲ್ಲಿ ಲೆಕ್ಕ ಬರೆಯುವವನು, ಕಳೆದ ವರ್ಷ ಊರಿಗೆ ಬಂದಾಗ, "ಸರ, ಹತ್ತು ಸಾವಿರ ಕೂಡಿಸೇನಿ. ಹೆಸರು ತಗೊಂಡು ಇಡಬೇಕಂತ ಮಾಡೇನಿ. ಛಲೋವು ನಾಕು ಹೇಳ್ರಿ" ಎಂದ. ಅವನ ಕೈಯಲ್ಲಿ ಇಪ್ಪತ್ತು ಹೆಸರುಗಳ ಯಾದಿ ಆಗಲೇ ಸಿದ್ಧವಿತ್ತು. ಹೆಸರಿನ ಮಾತು ಆಮೇಲೆ, ಮೊದಲು ಲೆಕ್ಕ ಹಾಕೋಣವೆಂದು ಕೂಡ್ರಿಸಿದೆ. ಆ ಲೆಕ್ಕವನ್ನು ನಿಮಗೂ ಹೇಳುತ್ತೇನೆ.

ಡಾಟ್ ಕಾಮ್ ಆಗಲಿ ಡಾಟ್ ಇನ್ ಆಗಲಿ, ಒಂದು ಹೆಸರಿಗೆ ವರ್ಷಕ್ಕೆ ಸುಮಾರು ಒಂದು ಸಾವಿರ ರೂಪಾಯಿ ಎಂದು ಹಿಡಿಯಿರಿ. ಅಂಗಡಿಯಿಂದ ಅಂಗಡಿಗೆ ಸ್ವಲ್ಪ ಹೆಚ್ಚು ಕಡಿಮೆ ಇದ್ದೀತು. ಈ ವ್ಯಾಪಾರದಲ್ಲಿ ಪಳಗಿದವರು ಸಾಮಾನ್ಯವಾಗಿ ಹೇಳುವ ಅಂದಾಜು ಏನೆಂದರೆ, ನೂರು ಹೆಸರು ಇಟ್ಟುಕೊಂಡವನಿಗೆ ವರ್ಷದಲ್ಲಿ ಒಂದೋ ಎರಡೋ ಮಾರಿ ಹೋಗುತ್ತವೆ. ನೂರು ಹೆಸರಿನ ಲಾವಣಿ ವರ್ಷಕ್ಕೆ ಒಂದು ಲಕ್ಷ. ಎರಡು ಮಾರಿದರೆ ಒಂದೊಂದಕ್ಕೆ ಐವತ್ತು ಸಾವಿರ ಬಂದಾಗ ಅಸಲು ಕೈಗೆ ಬಂದಂತೆ. ಒಂದೇ ಮಾರಿದರೆ ಅದಕ್ಕೆ ಲಕ್ಷವೇ ಬರಬೇಕು. ಬಡವನು ಐದೇ ಹೆಸರು ಇಟ್ಟುಕೊಂಡನೆನ್ನಿ. ಅದೇ ಅಂದಾಜಿನಲ್ಲಿ ಒಂದು ಮಾರಾಟಕ್ಕೆ ಹತ್ತು ವರ್ಷ ಕಾಯಬೇಕು. ಅಷ್ಟರಲ್ಲಿ ಕಟ್ಟಿದ್ದು ಐವತ್ತು ಸಾವಿರ. ಹೆಸರು ನೂರಿರಲಿ ಐದಿರಲಿ, ಒಂದು ಮಾರಾಟದ ಬೆನ್ನಿಗೆ ಬೀಳುವ ಖರ್ಚು ಒಂದೇ. ಶ್ರೀಮಂತನು ಈ ಖರ್ಚನ್ನು ಒಂದೇ ವರ್ಷದಲ್ಲಿ ಮಾಡುತ್ತಾನೆ, ಬಡವನು ಹತ್ತು ವರ್ಷ ಮಾಡುತ್ತಾನೆ, ಇಷ್ಟೇ ಭೇದ.

ಈ ಲೆಕ್ಕದಿಂದ ಒಂದು ಮಾತು ತಾನಾಗಿ ಹೊರಡುತ್ತದೆ. ಅಲ್ಪ ಹಣದವನು ಹತ್ತು ಕಡೆ ಕಾಳು ಚೆಲ್ಲಿ ಎಲ್ಲಿಯಾದರೂ ಮೊಳೆತೀತೆಂದು ಕೂಡ್ರುವ ಹಾಗಿಲ್ಲ. ಅವನು ಮೊದಲು ಕೊಳ್ಳುವವನನ್ನು ಕಂಡುಕೊಂಡು, ಆಮೇಲೆ ಹೆಸರನ್ನು ಹಿಡಿಯಬೇಕು. ಇಂಥ ಹೆಸರು ತನಗೆ ಬೇಕೆನ್ನಬಹುದಾದ ಹತ್ತು ಅಂಗಡಿ, ಗಿರಣಿ, ಸಂಘಗಳನ್ನು ಬೆರಳು ಮಡಚಿ ಎಣಿಸಲಿಕ್ಕೆ ಬರುವದೇ? ಬಂದರೆ ಹಿಡಿಯಿರಿ; ಇಲ್ಲವಾದರೆ ಬಿಡಿರಿ. ಅಂಥ ಹೆಸರಿಗೆ ಐವತ್ತು ಸಾವಿರ ಬರುವದಿಲ್ಲವೆನ್ನಬಹುದು. ನಿಜ, ಬರುವದಿಲ್ಲ. ರೊಟ್ಟಿ ಮಾಡಿ ಪರಊರಿಗೆ ಕಳಿಸುವ ತಾಯಂದಿರ ಗುಂಪು ಹೆಸರಿಗಾಗಿ ಐದಾರು ಸಾವಿರ ಕೊಟ್ಟರೇ ಹೆಚ್ಚು. ಆದರೆ ಎರಡು ವರ್ಷದೊಳಗೆ ಐದು ಸಾವಿರ ಬಂದರೆ ನಿಮಗೆ ಮೂರು ಸಾವಿರ ಉಳಿಯಿತು. ಹತ್ತು ವರ್ಷ ಕಾದ ಐವತ್ತು ಸಾವಿರಕ್ಕೆ ಏನೂ ಉಳಿಯಲಿಲ್ಲ. ಪರದೇಶದ ಕಂಪನಿಗೆ ಏನು ಬೇಕೆಂದು ಕ್ಯಾಲಿಫೋರ್ನಿಯದವನು ನಮಗಿಂತ ಚೆನ್ನಾಗಿ ಬಲ್ಲ. ಬೆಟಗೇರಿಯ ನೇಕಾರರಿಗೆ, ಮುಂಡರಗಿಯ ಶೇಂಗಾದೆಣ್ಣೆಯ ಗಾಣದವರಿಗೆ ಏನು ಬೇಕೆಂದು ಅವನಿಗೆ ತಿಳಿಯದು. ನಮ್ಮ ಬಂಡವಾಳ ಆ ತಿಳಿವಳಿಕೆ.

ಇನ್ನು ಹೆಸರು ಹೇಗಿರಬೇಕು? ಈ ವ್ಯಾಪಾರದವರಲ್ಲಿ ಒಂದು ಪರೀಕ್ಷೆ ರೂಢಿಯಲ್ಲಿದೆ. ಅದಕ್ಕೆ ಅವರು ಇಟ್ಟ ಹೆಸರು ರೇಡಿಯೋ ಪರೀಕ್ಷೆ. ಈ ಪತ್ರಿಕೆಯ ಓದುಗರಿಗೆ ಅದು ಸಂತೋಷ ಕೊಡಬೇಕಾದ ಮಾತು. ರೇಡಿಯೋದಲ್ಲಿ ಒಂದು ಹೆಸರನ್ನು ಒಂದೇ ಸಲ ಕೇಳಿದವನು, ಯಾರನ್ನೂ ಕೇಳದೆ, ಅದನ್ನು ತಪ್ಪಿಲ್ಲದೆ ಬರೆಯಬಲ್ಲನೇ? ಬರೆದರೆ ಹೆಸರು ಗೆದ್ದಿತು. 1935ರಲ್ಲಿ ಮೈಸೂರಿನ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿ ಆರಂಭಿಸಿದ ಬಾನುಲಿ ನಿಲಯದ 'ಆಕಾಶವಾಣಿ' ಎಂಬ ಹೆಸರನ್ನು ನೆನೆಯಿರಿ. ಕೇಳಿದೊಡನೆ ಅರ್ಥ, ಅರ್ಥವಾದೊಡನೆ ನೆನಪು. ಮುಂದೆ ಅಖಿಲ ಭಾರತದ ಬಾನುಲಿಗೇ ಆ ಹೆಸರು ಬಂದಿತು.

ಈ ಪರೀಕ್ಷೆಯಲ್ಲಿ ಕನ್ನಡದ ಶಬ್ದಗಳು ಸೋಲುವದು ಎಲ್ಲಿ ಗೊತ್ತೇ? ರೋಮನ್ ಲಿಪಿಯಲ್ಲಿ. ನಮ್ಮ ಅಕ್ಷರಮಾಲೆಯಲ್ಲಿ ಹ್ರಸ್ವ ಬೇರೆ, ದೀರ್ಘ ಬೇರೆ. ಲಕಾರ ಬೇರೆ, ಳಕಾರ ಬೇರೆ. ಅವರ ಇಪ್ಪತ್ತಾರು ಅಕ್ಷರಗಳಲ್ಲಿ ಇವೆಲ್ಲ ಒಂದೇ ಗಂಟಿನಲ್ಲಿ ಬೀಳುತ್ತವೆ. ಬಿ-ಎ-ಎಲ್-ಇ ಎಂದು ಬರೆದರೆ ಮೀನುಗಾರನು ಬಲೆ ಎಂದು ಓದುತ್ತಾನೆ, ಬಳೆಗಾರನು ಬಳೆ ಎಂದು, ತೋಟದವನು ಬಾಳೆ ಎಂದು. ಇಂಗ್ಲಿಷ್ ಬಲ್ಲವನಿಗೆ ಅದು ಗಿರಣಿಯಲ್ಲಿ ಒತ್ತಿ ಕಟ್ಟಿದ ಹತ್ತಿಯ ಅಂಡಿಗೆ! ಖಡಕ್ ರೊಟ್ಟಿಯನ್ನು ಬರೆಯಹೊರಟವನು ಮೊದಲಕ್ಷರಕ್ಕೆ ಎಚ್ ಹಚ್ಚಬೇಕೇ, ರೊಟ್ಟಿಗೆ ಟಿ ಒಂದೇ ಎರಡೇ ಎಂದು ಅಲ್ಲಿಯೇ ನಿಲ್ಲುತ್ತಾನೆ. ನಮ್ಮ ಊರನ್ನೇ ತೆಗೆದುಕೊಳ್ಳಿರಿ. ಹೊಂಬಳವೆಂದು ನಾವು ಬಾಯಿತುಂಬ ಕರೆಯುತ್ತೇವೆ. ರೋಮನ್ ಲಿಪಿಯಲ್ಲಿ ಕೊನೆಯ ಅಕಾರ ಇಟ್ಟು ಬರೆಯುವವರು ಕೆಲವರು, ಬಿಟ್ಟು ಬರೆಯುವವರು ಕೆಲವರು. ಆದ್ದರಿಂದ ಕನ್ನಡ ಶಬ್ದವನ್ನು ಆರಿಸುವಾಗ ಒತ್ತಕ್ಷರ, ಮಹಾಪ್ರಾಣ, ದೀರ್ಘ ಸ್ವರಗಳು ಕಡಿಮೆ ಇದ್ದು, ಒಂದೇ ರೀತಿಯಾಗಿ ಬರೆಯಲಿಕ್ಕೆ ಬರುವಂಥದನ್ನು ಆರಿಸಬೇಕು. 'ಮನೆ' ಗೆಲ್ಲುತ್ತದೆ, 'ಊಟ' ತೊಡಕುತ್ತದೆ.

ಕಾಗುಣಿತವು ಸರ್ಕಾರದ ಆಜ್ಞೆಯಿಂದಲೂ ಬದಲಾದೀತು. 2014ರ ನವೆಂಬರ್ ಒಂದರಂದು ನಮ್ಮ ರಾಜ್ಯದ ಹನ್ನೆರಡು ನಗರಗಳ ಹೆಸರು ಇಂಗ್ಲಿಷಿನಲ್ಲಿಯೂ ಕನ್ನಡದ ಉಚ್ಚಾರಕ್ಕೆ ಬಂದವು. ಹುಬ್ಳಿ ಹೋಗಿ ಹುಬ್ಬಳ್ಳಿಯಾಯಿತು, ಬೆಲ್ಗಾಮ್ ಬೆಳಗಾವಿಯಾಯಿತು, ಗುಲ್ಬರ್ಗ ಕಲಬುರಗಿಯಾಯಿತು, ಬಿಜಾಪುರ ವಿಜಯಪುರವಾಯಿತು. ಭಾಷಾಭಿಮಾನಿಗಳಾದ ನಮಗೆ ಅದು ಹಬ್ಬ. ಹಳೆಯ ಕಾಗುಣಿತದಲ್ಲಿ ಅಂಗಡಿಯ ಜಾಲತಾಣ ಇಟ್ಟುಕೊಂಡವರಿಗೆ ಮಾತ್ರ ಹೊಸ ಕಾಗುಣಿತದ ಹೆಸರೊಂದನ್ನು ಹೆಚ್ಚಿಗೆ ಹಿಡಿಯಬೇಕಾದ ಪ್ರಸಂಗ ಬಂದಿತು. ಊರ ಹೆಸರು ಕೂಡಿದ ವ್ಯಾಪಾರದ ಹೆಸರನ್ನು ಆರಿಸುವಾಗ ಎರಡೂ ರೂಪಗಳನ್ನು ವಿಚಾರಿಸಿ ನೋಡಿರಿ. ಜನ ಇನ್ನೂ ಯಾವದನ್ನು ಹೆಚ್ಚಾಗಿ ಬರೆಯುತ್ತಾರೆ ಎಂಬದನ್ನೂ ನೋಡಿರಿ.

ಈಗ ಆ ಹುಡುಗನ ಯಾದಿಗೆ ಬರೋಣ. ಇಪ್ಪತ್ತರಲ್ಲಿ ಹನ್ನೊಂದು ಹೆಸರುಗಳು ದೊಡ್ಡ ಕಂಪನಿಗಳವು, ಚಿತ್ರನಟರವು. ಎಲ್ಲೋ ಒಂದಕ್ಷರ ಹೆಚ್ಚು, ಎಲ್ಲೋ ಒಂದು ಕಡಿಮೆ. "ಅವರಿಗೇ ಬೇಕಾಗತದ, ಕೇಳಿದಷ್ಟು ಕೊಡತಾರ ಸರ" ಎಂಬದು ಅವನ ತರ್ಕ. ಇದು ಅತ್ಯಂತ ಅಪಾಯದ ತರ್ಕ. ಇದಕ್ಕೆ ಉತ್ತರ ಕೊಟ್ಟ ಮೊಕದ್ದಮೆ ನಮ್ಮ ಬೆಂಗಳೂರಿನಲ್ಲಿಯೇ ಹುಟ್ಟಿದ್ದು.

ಸತ್ಯಂ ಇನ್ಫೋವೇ ಎಂಬ ಕಂಪನಿ ತನ್ನ ಹೆಸರಿನ ಅಕ್ಷರಗಳಿಂದ 'ಸಿಫಿ' ಎಂಬ ಹೊಸ ಶಬ್ದವನ್ನು ಕಟ್ಟಿ, 1999ರಲ್ಲಿ ಆ ಶಬ್ದ ಕೂಡಿದ ಹಲವು ಡೊಮೇನ್ ಹೆಸರುಗಳನ್ನು ನೋಂದಾಯಿಸಿತ್ತು. ಎರಡು ವರ್ಷಗಳ ತರುವಾಯ ಇನ್ನೊಂದು ಕಂಪನಿ 'ಸಿಫ್ಫಿನೆಟ್' ಎಂಬ ಹೆಸರನ್ನು ಹಿಡಿಯಿತು. ಕೇಳಿದರೆ, ಇದು ನಮ್ಮ ಐವರು ಸಂಸ್ಥಾಪಕರ ಮೊದಲಕ್ಷರಗಳಿಂದಾದದ್ದು ಎಂದರು. ಬೆಂಗಳೂರಿನ ಸಿಟಿ ಸಿವಿಲ್ ನ್ಯಾಯಾಲಯ ತಡೆಯಾಜ್ಞೆ ಕೊಟ್ಟಿತು. ಕರ್ನಾಟಕ ಉಚ್ಚ ನ್ಯಾಯಾಲಯ ಅದನ್ನು ತೆಗೆದುಹಾಕಿತು. ಸರ್ವೋಚ್ಚ ನ್ಯಾಯಾಲಯ 2004ರ ಮೇ 6ರಂದು ಮೊದಲಿನ ಕಂಪನಿಯ ಪಕ್ಷದಲ್ಲಿ ತೀರ್ಪಿತ್ತಿತು. ಡೊಮೇನ್ ಹೆಸರು ಬರಿಯ ವಿಳಾಸವಲ್ಲ, ವ್ಯಾಪಾರದ ಗುರುತೂ ಆಗಬಲ್ಲದು. ಇನ್ನೊಬ್ಬರ ಸರಕೆಂದು ಜನರನ್ನು ಮರುಳುಗೊಳಿಸುವದನ್ನು ತಡೆಯುವ ಕಾನೂನು ಇದಕ್ಕೂ ಅನ್ವಯಿಸುವದು, ಎಂಬದು ಅದರ ಸಾರ. ಒಂದು ಎಫ್ ಅಕ್ಷರಕ್ಕೆ ದ್ವಿತ್ವ ಮಾಡಿದ ಮಾತ್ರಕ್ಕೆ ಶಬ್ದ ಬೇರೆಯಾಗುವದಿಲ್ಲವೆಂದು ವ್ಯಾಕರಣವಲ್ಲ, ನ್ಯಾಯಾಲಯ ಹೇಳಿತು!

ನ್ಯಾಯಾಲಯದ ಹೊರಗೂ ದಾರಿಯಿದೆ. ಡಾಟ್ ಕಾಮ್ ಹೆಸರುಗಳಿಗೆ 1999ರಿಂದ ಅಂತರರಾಷ್ಟ್ರೀಯ ಪಂಚಾಯಿತಿಯ ಏರ್ಪಾಡುಂಟು; ಡಾಟ್ ಇನ್‌ಗೂ ಅದೇ ಬಗೆಯ ನಿಯಮಗಳಿವೆ. ಹೆಸರು ತನ್ನ ಗುರುತಿಗೆ ಹೋಲುತ್ತದೆ, ಹಿಡಿದವನಿಗೆ ಅದರ ಮೇಲೆ ಹಕ್ಕಿಲ್ಲ, ಕೆಟ್ಟ ಉದ್ದೇಶದಿಂದ ಹಿಡಿದಿದ್ದಾನೆ ಎಂದು ಫಿರ್ಯಾದಿ ತೋರಿಸಿದರೆ ಹೆಸರು ಅವನಿಗೆ ಹೋಗುತ್ತದೆ. ನಿಮಗೆ ಬಿಡಿಗಾಸೂ ಇಲ್ಲ. ಹಕ್ಕುದಾರನಿಗೇ ಪತ್ರ ಬರೆದು ಇಷ್ಟು ಕೊಟ್ಟರೆ ಬಿಡುತ್ತೇನೆ ಎಂದರೆ ಆ ಪತ್ರವೇ ನಿಮ್ಮ ವಿರುದ್ಧ ಸಾಕ್ಷಿ. ದಿಲ್ಲಿಯ ತರುಣನೊಬ್ಬ ಎರಡು ದೊಡ್ಡ ಸಂಸ್ಥೆಗಳು ಒಂದಾಗಬಹುದೆಂದು ಊಹಿಸಿ 2023ರಲ್ಲಿಯೇ ಜಿಯೋಹಾಟ್‌ಸ್ಟಾರ್ ಎಂಬ ಹೆಸರನ್ನು ಹಿಡಿದಿದ್ದ. ಅವನ ಊಹೆ ಪೂರ್ತಿ ನಿಜವಾಯಿತು. ಅದೇ ಹೆಸರಿನ ಸೇವೆ 2025ರ ಫೆಬ್ರುವರಿ 14ರಂದು ಆರಂಭವಾಯಿತು. ಆದರೆ 2024ರ ಅಕ್ಟೋಬರದಲ್ಲಿ ಅವನು ಕೇಂಬ್ರಿಜ್‌ನಲ್ಲಿ ಓದುವ ಖರ್ಚನ್ನು ಕೇಳಿದಾಗ ಕಂಪನಿ ಒಪ್ಪಲಿಲ್ಲ. ಅಂಥ ಸಂಸ್ಥೆಯೊಡನೆ ಹೋರಾಡುವ ಶಕ್ತಿ ತನಗಿಲ್ಲವೆಂದು ಅವನೇ ಬರೆದುಕೊಂಡ. ಬುದ್ಧಿವಂತಿಕೆ ಬೇರೆ, ಹಕ್ಕು ಬೇರೆ. ಹುಡುಗನ ಯಾದಿಯಲ್ಲಿ ಆ ಹನ್ನೊಂದನ್ನೂ ನಾನು ಕೆಂಪು ಶಾಯಿಯಿಂದ ಹೊಡೆದು ಹಾಕಿದೆ. ಕೇಂದ್ರ ಸರ್ಕಾರದ ಟ್ರೇಡ್‌ಮಾರ್ಕ್ ಕಚೇರಿಯ ಜಾಲತಾಣದಲ್ಲಿ ನೋಂದಾದ ಗುರುತುಗಳನ್ನು ಯಾರಾದರೂ ಪುಕ್ಕಟೆಯಾಗಿ ಹುಡುಕಿ ನೋಡಬಹುದು. ಹಣ ಕಟ್ಟುವ ಮುಂಚೆ ಅರ್ಧ ಗಂಟೆ ಅಲ್ಲಿ ಕಳೆಯಿರಿ. ಇಳಕಲ್ಲ ಸೀರೆ, ಧಾರವಾಡ ಪೇಢೆಗಳಂಥ ಹೆಸರುಗಳಿಗೆ ಊರಿನ ಗುರುತಿನ ಕಾನೂನು ರಕ್ಷಣೆಯುಂಟು. ಅವುಗಳ ತಂಟೆಗೂ ಹೋಗಬೇಡಿರಿ.

ಕನ್ನಡ ಅಕ್ಷರಗಳಲ್ಲಿಯೇ ಹೆಸರು ಹಿಡಿಯಲಿಕ್ಕೆ ಬರುವದಿಲ್ಲವೇ ಎಂದು ನೀವು ಕೇಳುವಿರಿ. ಬರುತ್ತದೆ. ಡಾಟ್ ಭಾರತ ಎಂಬ ಕೊನೆ ಕನ್ನಡ ಲಿಪಿಯಲ್ಲಿಯೇ ಉಂಟು. ಯಂತ್ರದ ಒಳಗೆ ಮಾತ್ರ ಅದು ರೋಮನ್ ಅಕ್ಷರಗಳ ಒಂದು ವಿಚಿತ್ರ ಸಾಲಾಗಿ ಮಾರ್ಪಟ್ಟು ಓಡಾಡುತ್ತದೆ. ಬಲೆ, ಬಳೆ, ಬಾಳೆಗಳ ಜಗಳ ಅಲ್ಲಿ ಇಲ್ಲ. ಆದರೂ ಮಾರುವದಕ್ಕಾಗಿ ಅಂಥ ಹೆಸರು ಹಿಡಿಯಿರೆಂದು ನಾನು ಹೇಳಲಾರೆ. ಬಳಸುವವರೇ ವಿರಳವಾದಲ್ಲಿ ಕೊಳ್ಳುವವರೆಲ್ಲಿ? ನಿಮ್ಮ ಅಂಗಡಿಗೆ, ನಿಮ್ಮ ಊರಿನ ವಾಚನಾಲಯಕ್ಕೆ ಎಂದು ಒಂದನ್ನು ಹಿಡಿದು ನಿಜವಾಗಿ ಬಳಸಿದರೆ ಅದು ಬೇರೆ ಸಂಗತಿ.

ಇನ್ನು ಕೆಲವು ವ್ಯವಹಾರದ ಮಾತುಗಳು. ಮೊದಲ ವರ್ಷಕ್ಕೆ ನೂರು ರೂಪಾಯಿ ಎಂದು ಕೂಗುವ ಹೊಸ ಹೊಸ ಕೊನೆಗಳ ಹೆಸರುಗಳಿವೆ. ಎರಡನೆಯ ವರ್ಷ ಅವುಗಳ ದರ ಹಲವು ಪಟ್ಟು ಏರುವದುಂಟು. ಆದ್ದರಿಂದ ಮೊದಲ ವರ್ಷದ ದರವನ್ನಲ್ಲ, ನವೀಕರಣದ ದರವನ್ನು ಕೇಳಿರಿ. ನೋಂದಣಿಯನ್ನು ನಿಮ್ಮ ಸ್ವಂತ ಹೆಸರು, ವಿಳಾಸ, ಫೋನುಗಳಿಂದಲೇ ಮಾಡಿಸಿರಿ. ಜಾಲತಾಣ ಕಟ್ಟಿಕೊಡುವ ಹುಡುಗನ ಹೆಸರಿನಲ್ಲಿ ನೋಂದಾಯಿಸಿ, ಅವನು ಊರು ಬಿಟ್ಟ ಮೇಲೆ ಹುಡುಕಾಡಿದವರನ್ನು ನಾನು ಬಲ್ಲೆ. ಡಾಟ್ ಕಾಮ್ ಹೆಸರಿನ ಗಡುವು ಮುಗಿದ ಮೇಲೆ ಹೆಚ್ಚೆಂದರೆ ನಲವತ್ತೈದು ದಿನ ಸಾಮಾನ್ಯ ದರದಲ್ಲಿ ಬಿಡಿಸಿಕೊಳ್ಳಲು ಅವಕಾಶವಿರಬಹುದು. ಅದು ಅಂಗಡಿಯವನ ಮರ್ಜಿ. ಆಮೇಲಿನ ಮೂವತ್ತು ದಿನ ದಂಡ ಕೊಟ್ಟು ಬಿಡಿಸಿಕೊಳ್ಳಬೇಕು. ಕೊನೆಗೆ ಐದು ದಿನ ಯಾರಿಗೂ ಸಿಗದೆ ಇದ್ದು, ಮುಂದೆ ಮೊದಲು ಕೈಚಾಚಿದವರದು. ನಮ್ಮ ಭಾಗದ ಒಂದು ಸಂಘದ ಹೆಸರು ಹೀಗೆಯೇ ಕೈಬಿಟ್ಟು, ಅದರ ಜಾಗದಲ್ಲಿ ಜೂಜಿನ ಜಾಹೀರಾತು ಬಂದು ಕೂತಿತ್ತು. ಇದೇ ಕಾರಣಕ್ಕೆ, ನೀವು ಇಂಥ ಬಿಟ್ಟ ಹೆಸರನ್ನು ಹಿಡಿಯುವಾಗಲೂ ಅದರ ಪೂರ್ವಾಶ್ರಮವನ್ನು ನೋಡಬೇಕು. ಇಂಟರ್‌ನೆಟ್ ಆರ್ಕೈವ್ ಎಂಬ ಸಂಸ್ಥೆ 1996ರಿಂದ ಹಳೆಯ ಪುಟಗಳನ್ನು ಕೂಡಿಡುತ್ತ ಬಂದಿದೆ. ಅಲ್ಲಿ ಹುಡುಕಿದರೆ ಆ ಹೆಸರು ಮೊದಲು ಯಾವ ಮನೆಯಲ್ಲಿತ್ತು, ಎಂಥ ಸಂಗದಲ್ಲಿತ್ತು ಎಂಬದು ಬಹುಮಟ್ಟಿಗೆ ತಿಳಿಯುತ್ತದೆ.

ಮೋಸದ ಮಾತು ಒಂದು ಬಾಕಿ ಇದೆ. ಹೆಸರು ಹಿಡಿದ ಕೆಲವು ತಿಂಗಳಿಗೆ ನಿಮಗೊಂದು ಪತ್ರ ಬಂದೀತು: ನಿಮ್ಮ ಹೆಸರಿಗೆ ಲಕ್ಷಾಂತರ ಕೊಡಲು ಪರದೇಶದ ಒಬ್ಬರು ಸಿದ್ಧರಿದ್ದಾರೆ; ಅದರ ಬೆಲೆಯ ಬಗ್ಗೆ ಇಂಥಲ್ಲಿ ಒಂದು ಪ್ರಮಾಣಪತ್ರ ಮಾಡಿಸಿ ಕಳಿಸಿದರೆ ಸಾಕು. ಪ್ರಮಾಣಪತ್ರಕ್ಕೆ ಶುಲ್ಕವುಂಟು. ಶುಲ್ಕ ಮುಟ್ಟಿದ ಮೇಲೆ ಕೊಳ್ಳುವವನೂ ಇಲ್ಲ, ಪತ್ರವೂ ಇಲ್ಲ. ಕೊಳ್ಳುವವನು ಎಂದೂ ನಿಮ್ಮಿಂದ ಹಣ ಕೇಳುವದಿಲ್ಲ. ನಿಜವಾದ ಮಾರಾಟದಲ್ಲಿ ಮಧ್ಯಸ್ಥ ಸಂಸ್ಥೆಯ ಕೈಯಲ್ಲಿ ಮೊದಲು ಹಣ ಬೀಳುತ್ತದೆ, ಆಮೇಲೆ ನೀವು ಹೆಸರನ್ನು ವರ್ಗ ಮ���ಡುತ್ತೀರಿ, ಅದು ಮುಟ್ಟಿದ ಮೇಲೆ ಹಣ ನಿಮಗೆ ಬರುತ್ತದೆ. ಎತ್ತಿನ ಸಂತೆಯ ದಲ್ಲಾಳಿಯಂತೆ ಅವರಿಗೂ ಒಂದಿಷ್ಟು ಕೊಡಬೇಕು. ಅದನ್ನು ಉಳಿಸಲಿಕ್ಕೆ ಹೋಗಬಾರದು.

ನನ್ನ ವಿದ್ಯಾರ್ಥಿ ಇಪ್ಪತ್ತರ ಯಾದಿಯನ್ನು ನಾಲ್ಕಕ್ಕೆ ಇಳಿಸಿದ. ನಾಲ್ಕು ಸಾವಿರ ಕಟ್ಟಿ, ನಾಲ್ಕು ಸಾವಿರ ಮುಂದಿನ ವರ್ಷದ ನವೀಕರಣಕ್ಕೆಂದು ಬ್ಯಾಂಕಿನಲ್ಲಿಟ್ಟ, ಎರಡು ಸಾವಿರ ಮನೆಗೆ ಕೊಟ್ಟ. ಪ್ರತಿಯೊಂದು ಹೆಸರಿಗೂ 'ಇದು ಮಾರಾಟಕ್ಕಿದೆ' ಎಂಬ ಒಂದು ಪುಟವನ್ನು ದರಸಹಿತ ಹಾಕಿದ್ದಾನೆ. ಅದರಲ್ಲೊಂದನ್ನು ಎಣ್ಣೆಯ ಗಾಣದವರೊಬ್ಬರು ಆರು ಸಾವಿರಕ್ಕೆ ಕೇಳಿ, ದೀಪಾವಳಿ ಆದ ಮೇಲೆ ನೋಡೋಣವೆಂದಿದ್ದಾರೆ. ಗಡುವು ಬರುವದು ಅದರ ಮುಂದಿನ ತಿಂಗಳು. ಅಷ್ಟರೊಳಗೆ ಯಾರೂ ವಿಚಾರಿಸದೆ ಇದ್ದ ಎರಡನ್ನು ಬಿಟ್ಟುಬಿಡು ಎಂದು ನಾನು ಹೇಳಿದ್ದೇನೆ. ಒಂದನ್ನು ಬಿಡುತ್ತೇನೆ, ಇನ್ನೊಂದಕ್ಕೆ ಮತ್ತೊಂದು ವರ್ಷ ಕೊಡೋಣ ಎಂದು ಅವನು ಚೌಕಾಶಿ ಮಾಡುತ್ತಿದ್ದಾನೆ.